ಇಬ್ಬರೂ ಒಟ್ಟಿಗಿರುವ ಫೋಟೋ

ನನ್ನನ್ನು ಸಂದರ್ಶನದಲ್ಲಿ ಸೋಲಿಸುವವರು ಇನ್ನೂ ಹುಟ್ಟಿಲ್ಲ! ಪುತ್ತೂರಿನ ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆಗೆಂದು ಹೊರಗಿನಿಂದ ಬಂದಿದ್ದ ಪರೀಕ್ಷಕರು ನನಗೆ ಎರಡು ಪ್ರಶ್ನೆ ಕೇಳಿ, ಮೂರನೆಯದಕ್ಕೆ ತಾವೇ ನೀರು ತರಿಸಿ ಕುಡಿದಿದ್ದರು. ಅಂಥ ನನಗೆ ಅಮೆರಿಕದ ವೀಸಾ ಅಧಿಕಾರಿ ಯಾವ ಲೆಕ್ಕ? ದೋಹಾದ ಪಕ್ಕದ ಅಲ್ ವುಕೈರಿನ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ, ಕೈಯಲ್ಲಿ ಸೌಟು ಹಿಡಿದು, ನಾನು ಘೋಷಿಸಿದೆ.

"ಫೈಲು, ಪ್ರಶ್ನೆ, ಉತ್ತರ ಎಲ್ಲ ನನ್ನ ಜವಾಬ್ದಾರಿ. ನೀವು ಸುಮ್ಮನೆ ಪಕ್ಕದಲ್ಲಿ ನಿಂತರೆ ಸಾಕು."

"ಸುಮ್ಮನೆ ನಿಲ್ಲುದು ನನಗೆ ಅಭ್ಯಾಸ ಉಂಟು," ಎಂದರು ಅಝರ್.

ಅಝರ್ ನನ್ನ ಗಂಡ. ಅವರ ತಂದೆ ನ್ಯೂಜೆರ್ಸಿಯಲ್ಲಿ ಓದುತ್ತಿದ್ದಾಗ ಅಲ್ಲಿ ಹುಟ್ಟಿ, ನಡೆಯಲು ಕಲಿಯುವ ಮೊದಲೇ ಉಳ್ಳಾಲಕ್ಕೆ ಬಂದವರು. ಅಮೆರಿಕದ ನೆನಪು ಇವರಿಗೆ ಒಂದಿಷ್ಟೂ ಇಲ್ಲ. ಅಮೆರಿಕಕ್ಕೆ ಮಾತ್ರ ಇವರ ನೆನಪು ಹುಟ್ಟಿನಿಂದಲೇ ಸಿಕ್ಕ ಪೌರತ್ವದ ನೀಲಿ ಪಾಸ್‌ಪೋರ್ಟಿನ ರೂಪದಲ್ಲಿ ಉಳಿದಿದೆ. ದೋಹಾದ ದೊಡ್ಡ ಕಟ್ಟಡಗಳನ್ನು ತಂಪಾಗಿಡುವ ಎಸಿ ಇಂಜಿನಿಯರ್ ಇವರು. ಈಗ ಹ್ಯೂಸ್ಟನ್‌ನಲ್ಲಿ ಅದೇ ಕೆಲಸ ಸಿಕ್ಕಿದೆ. ಹೆಂಡತಿಯೆಂಬ ಕಾರಣಕ್ಕೆ ನನಗೂ ಗ್ರೀನ್ ಕಾರ್ಡ್ ಸಿಗಬೇಕಾದರೆ, ಇಬ್ಬರೂ ಎಂಬೆಸಿಗೆ ಹೋಗಿ, ನಮ್ಮ ಮದುವೆ ನಿಜವಾದ ಮದುವೆಯೇ ಎಂದು ಅಧಿಕಾರಿಯನ್ನು ಒಪ್ಪಿಸಬೇಕು.

ಸೌಟಿನ ಹಿಂದೆ ಒಂದು ಭಯವೂ ಇತ್ತು. ನನ್ನ ಮದುವೆಯ ಮೆಹಂದಿ ಮಾಸುವ ಮೊದಲೇ ಅಝರ್ ದೋಹಾಕ್ಕೆ ಹೊರಟಿದ್ದರು. ಆಮೇಲಿನ ಎರಡು ವರ್ಷ ನಮ್ಮ ದಾಂಪತ್ಯ ಫೋನಿನ ಗಾಜಿನೊಳಗೇ ನಡೆಯಿತು. ಇವರು ಉಣ್ಣುವುದನ್ನು ನಾನು ನೋಡುವುದು, ನಾನು ಉಣ್ಣುವುದನ್ನು ಇವರು ನೋಡುವುದು. ಉಪ್ಪು ಹೆಚ್ಚಾದರೆ ಒಬ್ಬರದು ಇನ್ನೊಬ್ಬರಿಗೆ ತಿಳಿಯದ ಸಂಸಾರ. ಒಂದೇ ಸೂರಿನಡಿ ಬಾಳತೊಡಗಿ ಇನ್ನೂ ವರ್ಷ ತುಂಬಿಲ್ಲ. ವೀಸಾ ಸಿಗದಿದ್ದರೆ ಇವರು ಹ್ಯೂಸ್ಟನ್ನಿಗೆ, ನಾನು ಪುತ್ತೂರಿಗೆ, ನಡುವೆ ಮತ್ತೆ ಅದೇ ಗಾಜು.

ಹಾಗಾಗಿ ತರಬೇತಿ ಆರಂಭವಾಯಿತು. ನಾನು ಸೋಫಾದಲ್ಲಿ ಅಧಿಕಾರಿಯಾಗಿ ಕುಳಿತೆ. ಅಝರ್ ಎದುರು ಸ್ಟೂಲಿನಲ್ಲಿ.

"ನಿಮ್ಮ ಹೆಂಡತಿ ಬೆಳಿಗ್ಗೆ ಎದ್ದ ಕೂಡಲೇ ಎಂತ ಮಾಡ್ತಾರೆ?"

"ನನ್ನನ್ನು ಎಬ್ಬಿಸ್ತಾಳೆ."

"ಅದಕ್ಕಿಂತ ಮೊದಲು?"

"ಅದಕ್ಕಿಂತ ಮೊದಲು ನಾನು ನಿದ್ರೆಯಲ್ಲಿ ಇರ್ತೇನಲ್ಲ ಮಾರಾಯ್ತಿ, ನನಗೆ ಹೇಗೆ ಗೊತ್ತಾಗುದು?"

"ಚಾ ಮಾಡ್ತಾಳೆ ಅಂತ ಹೇಳಿ!"

"ನೋಡದ್ದನ್ನು ಹೇಗೆ ಹೇಳುದು?"

ಇದೇ ಇವರ ರೋಗ! ಇವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಸಾರು ಹೇಗಾಗಿದೆ ಎಂದು ಕೇಳಿದರೆ ಹೇಗಾಗಿದೆಯೋ ಹಾಗೆಯೇ ಹೇಳಿಬಿಡುವ ಅಪಾಯಕಾರಿ ಮನುಷ್ಯ. ಇಂಥವರ ಜೊತೆ ಸಂಸಾರ ಮಾಡುವುದೇ ಕಷ್ಟ, ಸಂದರ್ಶನ ಎದುರಿಸುವುದೆಂದರೆ!

ಆ ಹೊತ್ತಿಗೆ ಎದುರು ಫ್ಲ್ಯಾಟಿನ ಶರ್ವಾಣಿ ಬಂದಳು. ಮೈಸೂರಿನವಳು, ನನ್ನ ಏಕೈಕ ಆಪ್ತ ಸಲಹೆಗಾರ್ತಿ. ಕೇಳದಿದ್ದರೂ ಸಲಹೆ ಕೊಡುವಷ್ಟು ಆಪ್ತಳು.

"ಅದೆಲ್ಲ ಇರ್ಲಿ ಕಣೇ, ಮೊದಲು ಕೇಳೋದೇ ಮದುವೆ ಫೋಟೋ. ಆಲ್ಬಮ್ ಎಲ್ಲಿ, ತೋರಿಸು."

ನಾನು ಹೆಮ್ಮೆಯಿಂದ ಆಲ್ಬಮ್ ತಂದಿಟ್ಟೆ. ಶರ್ವಾಣಿ ಪುಟ ತಿರುವಿದಳು. ಮೊದಲ ಪುಟದಲ್ಲಿ ಮದುಮಗ ಅಝರ್, ನನ್ನ ಉಪ್ಪ ಹಸನಬ್ಬನವರ ಕೈ ಹಿಡಿದು ಕುಳಿತಿದ್ದಾರೆ. ನಮ್ಮಲ್ಲಿ ನಿಖಾಹ್ ಹೊತ್ತಿಗೆ ಮದುಮಗ ಹಿಡಿಯುವುದು ಮದುಮಗಳ ಕೈಯನ್ನಲ್ಲ, ಅವಳ ತಂದೆಯ ಕೈಯನ್ನು. ಎರಡನೆಯ ಪುಟದಲ್ಲಿಯೂ ಉಪ್ಪನ ಕೈ. ಮೂರನೆಯದರಲ್ಲಿ ಉಪ್ಪ ಇವರನ್ನು ಅಪ್ಪಿಕೊಂಡಿದ್ದಾರೆ. ನಾಲ್ಕನೆಯದರಲ್ಲಿ ಬಿರಿಯಾನಿ ಬೇಯಿಸಿದ ಹಂಡೆಯಂಥ ಡೇಗು, ಪಕ್ಕದಲ್ಲಿ ಡೇಗಿನಷ್ಟೇ ಗಂಭೀರವಾಗಿ ಅಝರ್.

"ನೀನೆಲ್ಲೇ?"

"ನಾನು ಹೆಂಗಸರ ಹಾಲ್‌ನಲ್ಲಿ. ಅಲ್ಲಿಗೆ ಫೋಟೋಗ್ರಾಫರನಿಗೆ ಪ್ರವೇಶ ಇಲ್ಲ. ಚಿಕ್ಕಮ್ಮನ ಮಗಳು ಮೈರಾ ಫೋನಿನಲ್ಲಿ ತೆಗೆದದ್ದುಂಟು, ನೋಡು."

ಮೈರಾ ತೆಗೆದ ಫೋಟೋಗಳಲ್ಲಿ ನಾನಿದ್ದೆ. ಅಜ್ಜಿ, ಅತ್ತೆ, ಊರಿನ ಅಷ್ಟೂ ಹೆಂಗಸರು ಇದ್ದರು. ಅಝರ್ ಇರಲಿಲ್ಲ. ಕೊನೆಗೆ ಇವರು ಒಳಗೆ ಬಂದು ನನ್ನ ಕೊರಳಿಗೆ ಸರ ಹಾಕಿದ ಒಂದೇ ಒಂದು ಚಿತ್ರ ಸಿಕ್ಕಿತು. ಅದರಲ್ಲಿ ನಾನಿದ್ದೇನೆ, ಸರ ಇದೆ, ಸರ ಹಿಡಿದ ಎರಡು ಕೈಗಳಿವೆ. ಮುಖ ಇರಬೇಕಾದಲ್ಲಿ ಮೈರಾಳ ಹೆಬ್ಬೆರಳು!

ಶರ್ವಾಣಿ ಆಲ್ಬಮ್ ಮುಚ್ಚಿದಳು. "ಶೈಮಾ, ತಪ್ಪು ತಿಳ್ಕೋಬೇಡ. ಇದನ್ನ ನೋಡಿದ್ರೆ ನಿಮ್ಮೆಜಮಾನ್ರು ನಿಮ್ಮ ತಂದೇನ ಮದುವೆ ಆದ ಹಾಗಿದೆ!"

ನಗು ಬರಬೇಕಿತ್ತು. ಬರಲಿಲ್ಲ. ದೋಹಾದ ಕಡಲದಂಡೆ ಕಾರ್ನಿಷ್‌ನಲ್ಲಿ ತೆಗೆದ ಸೆಲ್ಫಿಗಳೇನೋ ನಮ್ಮಲ್ಲಿದ್ದವು. ಆದರೆ ಸಮುದ್ರದ ಎದುರು ಯಾರು ಯಾರ ಪಕ್ಕದಲ್ಲಿ ಬೇಕಾದರೂ ನಿಲ್ಲಬಹುದು. ನಾನು ಮದುವೆಯಾದದ್ದು ಇವರನ್ನೇ ಎನ್ನುವುದಕ್ಕೆ, ಕಾಗದ ಬಿಟ್ಟರೆ, ಕಣ್ಣಿಗೆ ಕಾಣುವ ಗುರುತೇ ಇಲ್ಲ! ಕೂಡಲೇ ನನ್ನ ಮಹಾಮೆದುಳು ಕೆಲಸ ಆರಂಭಿಸಿತು.

"ಇನ್ನೊಮ್ಮೆ ಮದುವೆ ಆಗುವ!" ಎಂದೆ.

"ಯಾರನ್ನು?" ಎಂದರು ಅಝರ್.

"ನಿಮ್ಮನ್ನೇ! ಫೋಟೋಗೆ ಮಾತ್ರ!"

"ನಿಜ ಮದುವೆಗೆ ಸುಳ್ಳು ಫೋಟೋ ಯಾಕೆ ಶೈಮಾ?"

"ಸುಳ್ಳು ಹೇಗಾಗ್ತದೆ? ಗಂಡ ನಿಜ, ಹೆಂಡತಿ ನಿಜ. ಕೆಳಗೆ ಎಂತದೂ ಬರೆಯುದಿಲ್ಲ. ಏನೂ ಬರೆಯದ ಫೋಟೋ ಸುಳ್ಳು ಹೇಳುದಿಲ್ಲ."

ಈ ತರ್ಕಕ್ಕೆ ಉತ್ತರ ಹೇಳಲು ಅಝರ್‌ರನ್ನು ನಾನು ಬಿಡಲಿಲ್ಲ.

ಶುಕ್ರವಾರ ಮಧ್ಯಾಹ್ನ ನಮ್ಮ ಹಾಲ್ ಕಲ್ಯಾಣಮಂಟಪವಾಯಿತು. ಸೋಫಾ ಕಾರಿಡಾರಿಗೆ ಹೋಯಿತು. ಗೋಡೆಗೆ ಶರ್ವಾಣಿಯ ಕೆಂಪು ರೇಷ್ಮೆ ಸೀರೆ ಹರಡಿಕೊಂಡಿತು. ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಅಂಗಡಿಯಿಂದ ಮಲ್ಲಿಗೆ ಬಂತು. ನನ್ನ ಮದುವೆಯ ಉಡುಪು ಪುತ್ತೂರಿನ ಕಪಾಟಿನಲ್ಲಿ ಮಲಗಿದ್ದರಿಂದ ಶರ್ವಾಣಿಯ ಲೆಹೆಂಗಾವನ್ನೇ ತೊಟ್ಟೆ. ಅವಳು ನನಗಿಂತ ಒಂದು ಗೇಣು ಉದ್ದ, ಹಾಗಾಗಿ ಅದನ್ನು ಸೊಂಟದಲ್ಲಿ ಮಡಚಿ ಮಡಚಿ ಪಿನ್ನು ಚುಚ್ಚಿದೆವು. ಅಝರ್‌ರ ಮದುವೆ ಕೋಟು ಇಲ್ಲೇ ಇತ್ತು, ಆದರೆ ಕೋಟಿಗೂ ಗುಂಡಿಗೂ ನಡುವೆ ನನ್ನ ಅಡುಗೆ ಬಂದು ನಿಂತಿತ್ತು. ಶರ್ವಾಣಿಯ ಗಂಡ ಕಾರ್ತಿಕ್ ದೊಡ್ಡ ಕ್ಯಾಮೆರಾ ಹಿಡಿದು ಬಂದ.

"ಸರ್, ಸ್ವಲ್ಪ ನಗಿ."

"ಮದುವೆ ದಿನ ನಾನು ನಗ್ಲಿಲ್ಲ. ತುಂಬಾ ಹೆದರಿದ್ದೆ," ಎಂದರು ಅಝರ್.

"ಉಸಿರಾದ್ರೂ ಬಿಡಿ ಸರ್."

"ಬಿಟ್ರೆ ಗುಂಡಿ ಹಾರ್ತದೆ."

ಅಂತೂ ಫೋಟೋ ಬಂತು. ಆಹಾ! ಮಲ್ಲಿಗೆಯ ಕೆಳಗೆ ನಾನು, ಪಕ್ಕದಲ್ಲಿ ಉಸಿರು ಹಿಡಿದ ಪತಿರಾಯರು. ಅದನ್ನು ಪ್ರಿಂಟು ಹಾಕಿಸಿ ಫೈಲಿನ ಮೊದಲ ಪುಟಕ್ಕೆ ಸಿಕ್ಕಿಸಿದೆ. ಉಪ್ಪನ ಕೈ, ಡೇಗು, ಹೆಬ್ಬೆರಳು ಎಲ್ಲವನ್ನೂ ತೆಗೆದುಹಾಕಲು ಹೊರಟಾಗ ಅಝರ್ ತಡೆದರು. "ಇದ್ದದ್ದು ಇರ್ಲಿ." ಹೋಗಲಿ ಎಂದು ಹಿಂದಕ್ಕೆ ಸೇರಿಸಿದೆ.

ಶನಿವಾರ ಬೆಳಿಗ್ಗೆ ಪುತ್ತೂರಿನಿಂದ ಉಪ್ಪನ ಫೋನು.

"ಮಗಳೇ, ನಿನಗೆ ನಿನ್ನೆ ಮದುವೆಯಂತೆ?"

ನನ್ನ ಕೈಯಿಂದ ದೋಸೆ ಸಟ್ಟುಗ ಬಿತ್ತು. "ಯಾರು ಹೇಳಿದ್ದು ಉಪ್ಪ?"

"ಇಡೀ ಪೇಟೆ ಹೇಳ್ತಾ ಉಂಟು. ಫೋಟೋ ಬಂದಿದೆಯಂತೆ, ನಾನು ನೋಡಿಲ್ಲ. ಯಾರ ಜೊತೆ ಆದದ್ದು?"

"ಇವರ ಜೊತೆಯೇ ಉಪ್ಪ! ಅಝರ್ ಜೊತೆ!"

ಆ ಕಡೆಯಿಂದ ತುಂಬ ನೊಂದ ದನಿ: "ಹಾಗಾದ್ರೆ ಅವತ್ತು ನಾನು ಮಾಡಿಸಿದ್ದು ಎಂತ ಮಗಳೇ?"

ಶರ್ವಾಣಿಯ ಬಾಗಿಲು ಬಡಿದೆ. ಅವಳು ಸಂತೋಷದಿಂದಲೇ ಒಪ್ಪಿಕೊಂಡಳು. ಫೋಟೋ ಅಷ್ಟು ಚೆನ್ನಾಗಿ ಬಂದಿತ್ತೆಂದು ದೋಹಾ ಕನ್ನಡಿಗರ ಗುಂಪಿಗೂ ಫೇಸ್‌ಬುಕ್‌ಗೂ ಹಾಕಿದ್ದಳು. 'ನಮ್ಮ ಶೈಮಾ ಮತ್ತು ಅಝರ್, ಮದುವೆಯ ಸಂಭ್ರಮ!' ಕೆಳಗೆ ಶುಭಾಶಯಗಳ ಮಹಾಪೂರ. ಸಂದರ್ಶನ ಇರುವುದು ಸೋಮವಾರ. ನಾನು ಶುಕ್ರವಾರ ಮದುವೆಯಾಗಿದ್ದೇನೆಂದು ಲೋಕಕ್ಕೆಲ್ಲ ಸಾಕ್ಷಿ ಸಮೇತ ಗೊತ್ತಾಗಿದೆ! ಗ್ರೀನ್ ಕಾರ್ಡಿಗಾಗಿ ಗಡಿಬಿಡಿಯಲ್ಲಿ ಮದುವೆಯಾದವರು ಇನ್ನು ಹೇಗಿರುತ್ತಾರೆ? ಅಧಿಕಾರಿಗಳು ಫೇಸ್‌ಬುಕ್ ನೋಡುತ್ತಾರೆಂದು ಬೇರೆ ಕೇಳಿದ್ದೆ.

"ಶರ್ವಾಣಿ, ಈಗಲೇ ಸರಿಮಾಡು! ನಮ್ಮ ಮದುವೆ ಹಳೇದು ಅಂತ ಬರಿ!"

"ಅಷ್ಟೇ ತಾನೇ, ತಗೋ," ಎಂದು ಅವಳು ಅಲ್ಲೇ ಬರೆದಳು. ನಾನು ಓದಿದೆ. 'ಸ್ನೇಹಿತರೇ, ಮದುವೆ ಹಳೆಯದು. ಫೋಟೋ ಮಾತ್ರ ಹೊಸದು. ವೀಸಾಕ್ಕಾಗಿ ತೆಗೆದದ್ದು.'

ಅದನ್ನು ಅಳಿಸುವಷ್ಟರಲ್ಲಿ ನಲವತ್ತು ಜನ ನಗುವ ಮುಖ ಒತ್ತಿದ್ದರು.

ದೋಹಾದಲ್ಲಿ ಕೆಲಸದ ವಾರ ಶುರುವಾಗುವ ಭಾನುವಾರ ಅಝರ್ ಕೆಲಸದಿಂದ ಬರುವಾಗ ಕೈಯಲ್ಲಿ ದೊಡ್ಡ ಡಬ್ಬಿ. ಆಫೀಸಿನ ರೋಸಲಿನ್ ಎಲ್ಲರಿಂದ ಹಣ ಸೇರಿಸಿ ಕೇಕ್ ತರಿಸಿದ್ದಳು. ಮೇಲೆ ಗುಲಾಬಿ ಕೆನೆಯಲ್ಲಿ 'ಜಸ್ಟ್ ಮ್ಯಾರೀಡ್'. ಜೊತೆಗೆ ಎಚ್‌ಆರ್ ವಿಭಾಗದ ಪತ್ರ: ಅಭಿನಂದನೆಗಳು, ಹೊಸ ವಿವಾಹ ಪ್ರಮಾಣಪತ್ರವನ್ನು ಸಲ್ಲಿಸತಕ್ಕದ್ದು, ಹಳೆಯ ಪತ್ನಿಯ ಹೆಸರನ್ನು ಇನ್ಶೂರೆನ್ಸಿನಿಂದ ತೆಗೆಯಬೇಕೋ ಬೇಡವೋ ತಿಳಿಸತಕ್ಕದ್ದು.

"ಎಂತ ಬರೆಯಲಿ?" ಎಂದರು ಅಝರ್.

ನಾನು ಕೇಕಿನ ಎದುರು ಕುಳಿತು ಅತ್ತೆ. ಅವರು ಗದರಲಿಲ್ಲ. ನನ್ನ ಪಕ್ಕ ಕುಳಿತು, ಒಂದು ತುಂಡು ಕತ್ತರಿಸಿ, 'ಜಸ್ಟ್' ಎಂಬ ಭಾಗವನ್ನು ತಾವು ತಿಂದರು. "ಉಳಿದದ್ದು ನಿಜವೇ ಅಲ್ಲವಾ? ತಿನ್ನು," ಎಂದರು.

ಸೋಮವಾರ. ಎಂಬೆಸಿಯ ಬಾಗಿಲಲ್ಲಿ ಫೋನು ಕೊಟ್ಟು ಒಳಗೆ ಹೋದೆವು. ಸಾಲು ಕುರ್ಚಿಗಳು, ಫೈಲು ಅಪ್ಪಿಕೊಂಡು ಕುಳಿತ ಜನ. ನಮ್ಮ ಮುಂದಿದ್ದ ಹೆಂಗಸು ಕಿಟಕಿಯಿಂದ ಹಿಂದಿರುಗುವಾಗ ಕಣ್ಣೊರೆಸಿಕೊಂಡಳು. ಸಂತೋಷಕ್ಕೋ ದುಃಖಕ್ಕೋ ತಿಳಿಯಲಿಲ್ಲ. ನಮ್ಮ ಸಂಖ್ಯೆ ಕೂಗಿದರು. ಗಾಜಿನ ಕಿಟಕಿ. ಗಾಜಿನ ಆಚೆ ನರೆಗೂದಲಿನ ಅಧಿಕಾರಿ. ಮತ್ತೆ ಗಾಜು! ಇದರ ಮೇಲೆ ಕೈಯಿಟ್ಟರೆ ಆ ಫೋನಿನ ಗಾಜಿನಂತೆ ಇದೂ ತಣ್ಣಗೇ ಇದ್ದೀತೇ ಎಂದುಕೊಂಡು ಕೈ ಹಿಂದಕ್ಕೆಳೆದುಕೊಂಡೆ.

ಅವರು ಫೈಲು ತೆರೆದರು. ಮೊದಲ ಪುಟದಲ್ಲಿಯೇ ನಿಂತರು. ನಿಂತೇ ಇದ್ದರು.

"ಮದುವೆ ಆದದ್ದು ಯಾವಾಗ?" ಇಂಗ್ಲಿಷಿನಲ್ಲಿ ಕೇಳಿದರು. ನಾನು ಸುಮಾರು ಮೂರು ವರ್ಷದ ಹಿಂದಿನ ದಿನಾಂಕ ಹೇಳಿದೆ.

"ಇದು ಆ ದಿನದ ಫೋಟೋ?"

ಏನೂ ಬರೆಯದ ಫೋಟೋ ಸುಳ್ಳು ಹೇಳುವುದಿಲ್ಲ ಎಂಬ ನನ್ನ ಮಹಾತರ್ಕವೆಲ್ಲ ಸರಿಯೇ, ಆದರೆ ಅದಕ್ಕೆ ಪ್ರಶ್ನೆ ಕೇಳಿದರೆ ಉತ್ತರಿಸಬೇಕಾದವಳು ನಾನಲ್ಲವೇ! 'ಹೌದು' ಎಂಬ ಪದ ನಾಲಿಗೆಯ ತುದಿಗೆ ಬಂದು ನಿಂತಿತು. ಅಷ್ಟರಲ್ಲಿ ಪಕ್ಕದಿಂದ ದನಿ ಬಂತು.

"ಅಲ್ಲ ಸರ್. ಇದು ನಮ್ಮ ಫ್ಲ್ಯಾಟ್. ಮೊನ್ನೆ ಶುಕ್ರವಾರ ತೆಗೆದದ್ದು."

ಖಲಾಸ್! ಪುತ್ತೂರಿನ ಕಪಾಟು, ಲೆಹೆಂಗಾ, ಫೋನಿನ ಗಾಜು, ಎಲ್ಲವೂ ಒಟ್ಟಿಗೆ ನನ್ನ ಕಣ್ಣ ಮುಂದೆ ಹಾದುಹೋದವು. ಅಧಿಕಾರಿ ಪೆನ್ನು ಕೆಳಗಿಟ್ಟರು.

"ಯಾಕೆ?"

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ನಾನು ಹೇಳಿದೆ. ಗಂಡಸರ ಹಾಲ್ ಬೇರೆ, ಹೆಂಗಸರ ಹಾಲ್ ಬೇರೆ. ಉಪ್ಪನ ಕೈ, ಮೈರಾಳ ಹೆಬ್ಬೆರಳು. ನಮ್ಮ ಮದುವೆಯಲ್ಲಿ ನಾವಿಬ್ಬರೂ ಒಟ್ಟಿಗಿರುವ ಒಂದು ಚಿತ್ರವೂ ಇಲ್ಲ, ಆದ್ದರಿಂದ ನೀವು ನಂಬುವುದಿಲ್ಲವೆಂದು ಹೆದರಿದೆ. ಹೇಳುತ್ತಾ ಹೋದಂತೆ ನನ್ನ ಇಂಗ್ಲಿಷು ಕರಗಿ ಹೋಯಿತು. ವ್ಯಾಕರಣವಿಲ್ಲದ ಬರೀ ಮಾತು ಉಳಿಯಿತು.

ಅವರು ಪುಟ ತಿರುವಿದರು. ಉಪ್ಪನ ಕೈಯನ್ನು ನೋಡಿದರು. ಅಪ್ಪುಗೆಯನ್ನು ನೋಡಿದರು. ಡೇಗಿನ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ನಿಂತರು. ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ನಾನು ಅಝರ್‌ರ ತೋಳು ಹಿಡಿದುಕೊಂಡಿದ್ದೆ. ಯಾವಾಗ ಹಿಡಿದೆನೋ ಗೊತ್ತಿಲ್ಲ.

"ಮೇಡಂ," ಎಂದರು ಅಧಿಕಾರಿ, "ನಾನು ಈ ದೇಶಕ್ಕೆ ಬಂದು ಕೆಲವು ವರ್ಷಗಳಾದವು. ಇಲ್ಲಿಯ ಮದುವೆಗಳಿಗೆ ಹೋಗಿದ್ದೇನೆ. ಗಂಡಸರದ್ದು ಒಂದು ಕಡೆ, ಹೆಂಗಸರದ್ದು ಇನ್ನೊಂದು ಕಡೆ. ಮದುಮಗಳನ್ನು ನಾನು ಇದುವರೆಗೆ ನೋಡಿಯೇ ಇಲ್ಲ. ಈ ಕಿಟಕಿಗೆ ಬರುವ ಆಲ್ಬಮ್‌ಗಳಲ್ಲಿ ಎಷ್ಟೋ ಹೀಗೇ ಇರುತ್ತವೆ. ನಿಮ್ಮ ಇಡೀ ಫೈಲಿನಲ್ಲಿ ನನಗೆ ಅನುಮಾನ ಬಂದದ್ದು ಒಂದೇ ಒಂದು ಫೋಟೋದ ಮೇಲೆ." ನನ್ನ ಮಹಾಕೃತಿಯನ್ನು ಎರಡು ಬೆರಳಿನಿಂದ ಎತ್ತಿ, ಗಾಜಿನ ಕೆಳಗಿನ ಸಂದಿಯಿಂದ ನನ್ನತ್ತ ಸರಿಸಿದರು. "ಇದರ ಮೇಲೆ. ಯಾಕೆಂದರೆ ಇದರಲ್ಲಿ ನೀವಿಬ್ಬರೂ ಒಟ್ಟಿಗಿದ್ದೀರಿ."

ನಾನು ಫೋಟೋ ತೆಗೆದುಕೊಂಡು ಬ್ಯಾಗಿನೊಳಗೆ ತುರುಕಿದೆ. ಅವರು ಏನೋ ಬರೆದರು. ಮುದ್ರೆ ಇನ್ನೂ ಬಿದ್ದಿರಲಿಲ್ಲ. ತಲೆಯೆತ್ತಿ ಕೇಳಿದರು:

"ಈ ಫೈಲನ್ನು ಜೋಡಿಸಿದ್ದು ಯಾರು?"

ಪರೀಕ್ಷಕರಿಗೇ ನೀರು ಕುಡಿಸಿದ ವೀರವನಿತೆ ಕ್ಷಣವೂ ತಡಮಾಡದೆ ಗಂಡನ ಕಡೆ ಬೆರಳು ತೋರಿಸಿದಳು. "ಇವರು!"

ಅಝರ್ ನನ್ನನ್ನು ನೋಡಿದರು. ಬೆರಳನ್ನು ನೋಡಿದರು. ಬಾಯಿ ತೆರೆದರು. ಈ ಮನುಷ್ಯ ಈಗ ಇದ್ದದ್ದನ್ನು ಇದ್ದ ಹಾಗೆಯೇ ಹೇಳುತ್ತಾರೆ, ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ.

"ಹೌದು ಸರ್," ಎಂದರು ಅಝರ್, ಒಂದು ದೊಡ್ಡ ಉಸಿರು ಬಿಟ್ಟು. "ನಾನೇ. ನನ್ನದೇ ತಪ್ಪು."

ಅಧಿಕಾರಿ ಮೊದಲ ಸಲ ನಕ್ಕರು. ಮುದ್ರೆ ಎತ್ತಿಕೊಂಡರು.

"ಇನ್ನು ಬೇರೆ ಸಾಕ್ಷಿ ಬೇಡ ಮೇಡಂ. ಇವರು ನಿಮ್ಮ ಗಂಡನೇ."