ಬೆನ್ನಿಲ್ಲದ ಕೋಟು

ನಮ್ಮ ಮನೆತನದವನಿಗೆ ಕುರ್ಚಿಯ ಮೇಲೆ ಕೂಡುವ ನೌಕರಿ ಈ ಜನ್ಮದಲ್ಲಿ ಸಿಗುವುದಿಲ್ಲ ಎಂದು ಮೊದಲು ಸಾರಿದವರು ನಮ್ಮ ವೈರಿಗಳಲ್ಲ, ನಮ್ಮ ಕಾಕಾ! ಕಾರಣ? ಮನೆಯಲ್ಲಿ ಕೋಟಿಲ್ಲ. ನಾನು ಬಿ.ಕಾಂ. ಮುಗಿಸಿದ್ದೆ, ಮನೆತನದಲ್ಲೇ ಮೊದಲಿಗ. ಅವರ ಲೆಕ್ಕದಲ್ಲಿ ಅದು ಬನಿಯನ್ ಇದ್ದಂತೆ: ಇರಬೇಕು, ಆದರೆ ಯಾರಿಗೂ ಕಾಣುವುದಿಲ್ಲ. ಹುಬ್ಬಳ್ಳಿಯ ಪೇಟೆಯಲ್ಲಿ ಜೀವಮಾನವಿಡೀ ಹತ್ತಿಯ ಮೂಟೆ, ಅಂದರೆ ಅಂಡಿಗೆ, ಹೊತ್ತ ಮನುಷ್ಯನಿಗೆ ಹತ್ತಿಯಂಗಿಯ ಮೇಲೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ ಎಂದರೆ ನಂಬುತ್ತೀರಾ?

ಅರ್ಜಿಗೆ ಫೋಟೋ ಬೇಕಾದಾಗ ಉಣಕಲ್ಲಿನ ಸ್ಟುಡಿಯೋಕ್ಕೆ ನನ್ನನ್ನು ಎಳೆದುಕೊಂಡು ಹೋದರು. ಅಲ್ಲಿ ಗೋಡೆಯ ಮೇಲೊಂದು ಕರಿ ಕೋಟು. ಬೆನ್ನು ಸೀಳಿದ ಕೋಟು! ತೆಳ್ಳಗಿನವರಿಗೆ ಹಿಂದಿನಿಂದ ಪಿನ್ನು ಹಾಕುವುದು, ದಪ್ಪಗಿನವರಿಗೆ ಹಾಗೇ ಬಿಡುವುದು. ಊರಿನ ಅರ್ಧ ಗಂಡಸರು ಪಾಸ್‌ಪೋರ್ಟ್ ಸೈಜಿನಲ್ಲಿ ಸಾಹೇಬರಾದದ್ದು ಅದರೊಳಗೇ. ನಾನೂ ಆದೆ.

ತಾರಿಹಾಳದ ಕಾರ್ಖಾನೆಯೊಂದರಿಂದ ಗುಮಾಸ್ತನ ಕೆಲಸಕ್ಕೆ ಸಂದರ್ಶನದ ಕರೆ ಬಂತು. ನಾನು ಕುಣಿದೆ. ಕಾಕಾ ತಲೆ ಹಿಡಿದುಕೊಂಡು ಕುಂತರು.

“ಘಾತ ಆತಲ್ಲೋ ತಮ್ಮಾ! ಫೋಟೋದಾಗ ಕೋಟ ಐತಿ, ಮೈಮ್ಯಾಲೆ ಇಲ್ಲ. ಯಾವನೋ ಬ್ಯಾರೇದಾಂವ ಬಂದಾನ ಅಂತ ಹೊರಗ ಹಾಕ್ತಾರ!”

ನಕ್ಕೆ. ಸಂಜೆಯ ಹೊತ್ತಿಗೆ ಆ ಭಯ ನನಗೂ ಅಂಟಿತು. ಅಪ್ಪ ತೀರಿದ ಮೇಲೆ ನನ್ನನ್ನು ಓದಿಸಿದ್ದು ಕಾಕಾನ ಹೆಗಲು. ಆ ಹೆಗಲು ಈಗ ಕೈಕೊಟ್ಟಿತ್ತು. ನೌಕರಿ ಸಿಗದಿದ್ದರೆ ಅಂಡಿಗೆ ಹೊರುವ ಸರದಿ ನನ್ನದೇ.

ಮತ್ತೆ ಸ್ಟುಡಿಯೋಕ್ಕೆ ಓಡಿದೆವು.

“ಒಂದ ಮುಂಜಾನಿ ಪೂರ್ತೆ ಕೋಟ ಕೊಡ್ರಿ,” ಎಂದರು ಕಾಕಾ.

“ಅದರ ಬೆನ್ನ ಸೀಳೈತಲ್ರೀ!”

“ಸಾಹೇಬರು ಮುಂದ ಕುಂತಿರ್ತಾರ. ಇಂವಾ ಹಿಂದ ಹಿಂದ ನಡಕೋತ ಹೊರಗ ಬರ್ತಾನ!”

“ಹಿಂದ ನಡದಾಂವಗ ಬಾಗಲಾ ಹೆಂಗ ಕಾಣಬೇಕ್ರೀ?”

“ನಾ ಬಾಗಲದಾಗ ನಿಂತು ಕೆಮ್ಮತೇನಿ!”

ಸ್ಟುಡಿಯೋದವ ಕೋಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ.

ಉಳಿದದ್ದು ಬಿಳಿ ಅಂಗಿ, ಕರಿ ಪ್ಯಾಂಟು. ಕಾಕಾ ತಂಬಿಗೆಯಲ್ಲಿ ಕೆಂಡ ತುಂಬಿ ತಾವೇ ಇಸ್ತ್ರಿ ಮಾಡಿದರು, ಹೆಣಕ್ಕೆ ಹೊದಿಸುವ ಬಟ್ಟೆಯನ್ನು ಸರಿಪಡಿಸುವವರ ಮುಖ ಮಾಡಿಕೊಂಡು!

ಸಂದರ್ಶನದ ದಿನ ಕಾರ್ಖಾನೆಯ ಸಾಹೇಬರು ಫೋಟೋ ನೋಡಿದರು. ನನ್ನನ್ನು ನೋಡಿದರು. ಮತ್ತೆ ಫೋಟೋ.

“ಕೋಟು ಎಲ್ಲಪ್ಪಾ?”

“ಸ್ಟುಡಿಯೋದಾಗ ಐತ್ರಿ ಸರ್!”

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕುರ್ಚಿ ತೋರಿಸಿ, ಚಹಾ ತರಿಸಿದರು. ಪ್ರಶ್ನೆ ಕೇಳಿದರು, ಪದವಿ ಪ್ರಮಾಣಪತ್ರ ತಿರುವಿ ನೋಡಿದರು. ಕೊನೆಗೆ, “ಅನುಭವ ಇಲ್ಲವಲ್ಲಪ್ಪಾ,” ಎಂದು ಅದನ್ನು ಹಿಂದಕ್ಕೆ ಕೊಟ್ಟರು. ಅಷ್ಟೇ! ಕೋಟಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಗೇಟಿನ ಹೊರಗೆ ಕಾಕಾ ಬಿಸಿಲಲ್ಲೇ ನಿಂತಿದ್ದರು.

“ಕೋಟ ಕೇಳಿದ್ರೋ ಇಲ್ಲೋ?”

“ಕೇಳಿದ್ರು ಕಾಕಾ. ಕುರ್ಚಿ ಕೊಟ್ರು. ಚಹಾ ಕೊಟ್ರು. ನೌಕರಿ ಕೊಡಲಿಲ್ಲ.”

ಬೈಗುಳಕ್ಕೆ ಸಿದ್ಧನಾಗಿ, ಪ್ರಮಾಣಪತ್ರವನ್ನು ಅವರ ಕೈಗಿಟ್ಟು ನೆಲ ನೋಡಿದೆ. ಬೈಗುಳ ಬರಲಿಲ್ಲ. ಧೋತರಕ್ಕೆ ಎರಡೂ ಕೈ ಒರೆಸಿಕೊಂಡು ಅದನ್ನು ಹಿಡಿದ ಕಾಕಾ ಗೇಟಿನತ್ತ ತಿರುಗಿದರು.

“ವಯಸ್ಸಿನಾಗ ನಾನೂ ಇಂಥಾದ ಒಂದ ಗೇಟಿಗೆ ಕೆಲಸ ಕೇಳಾಕ ಹೋಗಿದ್ದೆ ತಮ್ಮಾ. ಅಂಗಿ ನೋಡಿ ಹೊರಗಿಂದನ ಹೊಳ್ಳಿ ಕಳಿಸಿದ್ರು. ನಿನಗ ಒಳಗ ಕರದು ಕುರ್ಚಿ ಕೊಟ್ರು!”

ಆಮೇಲೆ ಕಾಗದವನ್ನು ಎದೆಗೊತ್ತಿಕೊಂಡು ಹೆಜ್ಜೆ ಹಾಕಿದರು.

“ನಿನಗ ಕೋಟ ಹೊಲಿಸೂದು ನನ್ನ ಕೈಲೆ ಆಗಲಿಲ್ಲ. ಇದಕ್ಕರ ಗಾಜ ಹಚ್ಚಿ ಒಂದು ಛಲೋ ಕಟ್ಟ ಹಾಕಸ್ತೇನಿ, ನಡಿ.”