ಹದಿನೇಳೇ ಸಾಕಿತ್ತು

ಫೇಲಾಗುವುದಕ್ಕೆ ಇಷ್ಟೊಂದು ಲೆಕ್ಕಾಚಾರ ಹಾಕಿದವರು ಎಸ್ಟೋನಿಯಾದ ಗಡಿಯ ನಾರ್ವಾ ಊರಿನಲ್ಲಿ ಗ್ಲಾಫಿರಾ ಒಬ್ಬಳೇ ಇರಬೇಕು.

ಗಂಡ ಯೆಫಿಮ್ ಸತ್ತು ವರ್ಷವಾಗಿತ್ತು. ತನ್ನನ್ನು ತಾಯಿಯ ಪಕ್ಕದಲ್ಲೇ ಹೂಳಬೇಕೆಂದು ಹಟ ಹಿಡಿದಿದ್ದ. (ಬದುಕಿದ್ದಾಗಲೂ ಆ ತಾಯಿಯ ಪಕ್ಕ ಬಿಟ್ಟು ಎದ್ದವನಲ್ಲ.) ಆಕೆ ಮಲಗಿದ್ದು ಹೊಳೆಯಾಚೆ, ರಷ್ಯಾದಲ್ಲಿ. ಗ್ಲಾಫಿರಾಳ ಹತ್ತಿರ ಇದ್ದದ್ದು ಯಾವ ದೇಶಕ್ಕೂ ಸೇರದವರಿಗೆ ಕೊಡುವ ಬೂದು ಪಾಸ್‌ಪೋರ್ಟು. ಅದಿದ್ದವರಿಗೆ ಸೇತುವೆ ದಾಟಲು ವೀಸಾ ಬೇಡ. ಪ್ರತಿ ಶನಿವಾರ ಬೇಯಿಸಿದ ಮೊಟ್ಟೆ, ಕಪ್ಪು ಬ್ರೆಡ್ಡು ಕಟ್ಟಿಕೊಂಡು ಹೋಗಿ, ಗೋರಿಯ ಪಕ್ಕದ ಬೆಂಚಿನಲ್ಲಿ ಕೂತು, ವಾರದ ಬೈಗುಳವನ್ನೆಲ್ಲ ಅವನಿಗೆ ಒಪ್ಪಿಸಿ ಬರುತ್ತಿದ್ದಳು. ಅವಳಿಗೆ ಉಳಿದಿದ್ದ ಸಂಸಾರ ಅಷ್ಟೇ.

ಮಗಳು ತೈಸಿಯಾಗೆ ಆ ಬೂದು ಬಣ್ಣ ಕಂಡರಾಗದು.

"ಅಮ್ಮಾ, ನಾನು, ನನ್ನ ಗಂಡ, ಮಕ್ಕಳು ಎಲ್ರೂ ಎಸ್ಟೋನಿಯಾದ ಪ್ರಜೆಗಳು. ನೀನೊಬ್ಳು ಯಾರೂ ಅಲ್ಲ. ನಾಚ್ಕೆ ಆಗಲ್ವಾ?"

"ಈ ವಯಸ್ಸಲ್ಲಿ ನಾಚ್ಕೊಂಡು ಯಾರಿಗೆ ತೋರಿಸ್ಲೇ?"

"ಪೌರತ್ವದ ಪರೀಕ್ಷೆಗೆ ನಿನ್ನ ಹೆಸ್ರು ಕೊಟ್ಟಿದೀನಿ. ಪಾಸಾಗು, ಸಾಕು."

"ಪ್ರಜೆ ಆದ್ರೆ ನಿಮ್ಮಪ್ಪನ ಹತ್ರ ಹೋಗೋಕೆ ಪ್ರತಿ ಸಲ ವೀಸಾ ಬೇಡ್ಬೇಕು ಕಣೇ."

"ಸತ್ತೋನಿಗೋಸ್ಕರ ಬದುಕಿರೋರನ್ನ ಬಿಡ್ತೀಯಾ? ಹಾಗಾದ್ರೆ ಈಗ್ಲೇ ಹೇಳ್ಬಿಡು. ಮಕ್ಕಳನ್ನ ಈ ಮನೆಗೆ ಕರ್ಕೊಂಡ್ ಬರೋದೇ ಬಿಡ್ತೀನಿ."

ಗ್ಲಾಫಿರಾ ಆಗಲಿ ಎಂದು ತಲೆಯಾಡಿಸಿದಳು. ಆಡಿಸಿದ ತಲೆಯೊಳಗೇ ಉಪಾಯ ಹೊಳೆಯಿತು: ಪರೀಕ್ಷೆಗೆ ಕೂರುವುದು, ಮರ್ಯಾದೆಯಾಗಿ ಫೇಲಾಗುವುದು.

ಇಪ್ಪತ್ತನಾಲ್ಕು ಪ್ರಶ್ನೆ, ಹದಿನೆಂಟು ಸರಿಯಾದರೆ ಪಾಸು. ಎಲ್ಲವನ್ನೂ ತಪ್ಪು ಮಾಡುವಂತಿಲ್ಲ, ಮಗಳಿಗೆ ಅನುಮಾನ ಬರುತ್ತದೆ. ಯಾಕೆಂದರೆ ಅಲ್ಲಿ ಸಂವಿಧಾನದ ಪುಸ್ತಕವನ್ನು ಅವರೇ ಮೇಜಿನ ಮೇಲೆ ಇಡುತ್ತಾರೆ, ನೋಡಿಕೊಂಡೇ ಬರೆಯಬಹುದು. ಹಾಗಾಗಿ ಹದಿನೇಳು ಸರಿ, ಏಳು ತಪ್ಪು. ಕೂದಲೆಳೆಯಲ್ಲಿ ತಪ್ಪಿತು ಎಂದು ಮಗಳ ಮುಂದೆ ಎರಡು ಹನಿ ಕಣ್ಣೀರನ್ನೂ ಹಾಕಬಹುದು.

ಪರೀಕ್ಷೆಯ ದಿನ ಹದಿನೇಳು ಪ್ರಶ್ನೆಗಳಿಗೆ ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು ಹುಡುಕಿ, ಸರಿಯುತ್ತರಕ್ಕೇ ಗುರುತು ಹಾಕಿದಳು. ಉಳಿದ ಏಳಕ್ಕೆ ಪುಸ್ತಕ ಮುಚ್ಚಿದಳು. ತಪ್ಪು ಮಾಡಲು ಪುಸ್ತಕ ಯಾಕೆ, ಯೆಫಿಮ್ ಇದ್ದನಲ್ಲ! ಇಡೀ ಸಂಸಾರದಲ್ಲಿ ಆ ಮಹಾಶಯನ ಒಂದು ಮಾತೂ ಸರಿಯಾದದ್ದಿಲ್ಲ. ಮಳೆ ಬರಲ್ಲ ಎಂದ, ತೊಯ್ದು ತೊಪ್ಪೆಯಾದರು. ಬಟ್ಟೆ ಗಿರಣಿ ಮುಚ್ಚಲ್ಲ ಎಂದ, ಇಬ್ಬರ ಕೆಲಸವೂ ಹೋಯಿತು. ಬರೀ ಕೆಮ್ಮು ಎಂದ, ಅದರಲ್ಲೇ ಸತ್ತ. ಅವನಾಗಿದ್ದರೆ ಯಾವುದಕ್ಕೆ ಗುರುತು ಹಾಕುತ್ತಿದ್ದನೋ ಅದಕ್ಕೇ ಹಾಕಿ ಎದ್ದು ಬಂದಳು.

ಮುಂದಿನ ವಾರ ತೈಸಿಯಾ ಕೇಕ್ ಹಿಡಿದು ನುಗ್ಗಿದಳು. "ಅಮ್ಮಾ, ಹದಿನೆಂಟು! ಸರಿಯಾಗಿ ಹದಿನೆಂಟು!"

"ಎಣಿಸೋಕೆ ಬರಲ್ಲ ಅವ್ರಿಗೆ."

"ಅಳ್ತಿದೀಯಾ? ಅಳು, ಅಳು, ಖುಷಿಗೆ ಎಲ್ರೂ ಅಳ್ತಾರೆ. ಮೊದ್ಲು ಇಲ್ಲೊಂದು ಸಹಿ ಹಾಕು."

ಪೌರತ್ವದ ಅರ್ಜಿಗೆ ಸಹಿಯಾದ ಮೇಲೆಯೇ ಕೇಕಿಗೆ ಚಾಕು ಬಿತ್ತು. ಮೊಮ್ಮಕ್ಕಳು ಕುಣಿದರು.

ಮರುದಿನ ಗ್ಲಾಫಿರಾ ಪರೀಕ್ಷೆಯ ಕಚೇರಿಗೆ ಹೋಗಿ ಕಿಟಕಿ ತಟ್ಟಿದಳು.

"ನಂಗೆ ಒಂದು ಮಾರ್ಕು ಜಾಸ್ತಿ ಕೊಟ್ಟಿದೀರಿ. ತೆಗೀರಿ."

ಕಿಟಕಿಯಾಚೆಯ ಹುಡುಗಿ ಕನ್ನಡಕ ಮೇಲೇರಿಸಿದಳು. "ಜಾಸ್ತಿ ಬಂತು ಅಂತ ಜಗಳಕ್ಕೆ ಬಂದೋರು ನೀವೇ ಮೊದ್ಲು ಅಜ್ಜೀ." ಉತ್ತರ ಪತ್ರಿಕೆ ತಂದು ಮುಂದಿಟ್ಟಳು.

ಯೆಫಿಮ್‌ನ ಏಳರಲ್ಲಿ ಆರು ತಪ್ಪಾಗಿದ್ದವು. ಪಾಪ, ಅಷ್ಟು ನಂಬಿಕಸ್ಥ. ಏಳನೆಯದು, ರಾಷ್ಟ್ರಾಧ್ಯಕ್ಷರನ್ನು ಯಾರು ಆರಿಸುತ್ತಾರೆ ಎಂಬುದು. ಟೀವಿ ಮುಂದೆ ಕೂತು ಅವನು ಕಿರುಚುತ್ತಿದ್ದ, "ನಮ್ಮನ್ನ ಯಾವನ್ ಕೇಳ್ತಾನೆ? ಸಂಸತ್ತಲ್ಲಿ ಕೂತಿರೋರೇ ಆರಿಸ್ಕೋತಾರೆ!" ಜನರೇ ಆರಿಸೋದು, ಬಾಯ್ಮುಚ್ಚಿ ಸೂಪ್ ಕುಡಿ ಎಂದು ಪ್ರತಿ ಸಲವೂ ಗದರಿದ್ದಳು.

"ಸಂಸತ್ತೇ ಸರಿ ಅಜ್ಜೀ," ಹುಡುಗಿ ನಕ್ಕಳು. "ಯಾರು ಹೇಳ್ಕೊಟ್ರು?"

"ನನ್ನ ಗಂಡ."

"ಬುದ್ಧಿವಂತ್ರು ಬಿಡಿ. ಮನೆಗೆ ಹೋಗಿ ಅವ್ರಿಗೊಂದು ಥ್ಯಾಂಕ್ಸ್ ಹೇಳಿ."

"ಹೇಳ್ಬೇಕು," ಎಂದಳು ಗ್ಲಾಫಿರಾ. "ಅದಕ್ಕೂ ಇನ್ಮೇಲೆ ವೀಸಾ ಬೇಕು."