ತೆರೆದ ಕರಿಮದ್ದಿನ ಮುಂದೆ ಕರ್ಪೂರ ಹಚ್ಚತಕ್ಕದ್ದಲ್ಲವೆಂಬ ಬಗ್ಗೆ

ಸಾಂಪ್ರದಾಯಿಕ ಕೋವಿಗಳ ಶಾಖೆ, ಚಿತ್ರದುರ್ಗ
ಸಂಖ್ಯೆ: ಸಾಂಕೋ/ಮದ್ದು/07/2024-25

ವಿಷಯ: ಕುಶಾಲುತೋಪಿನ ಹಳೆಯ ಕೋವಿಗಳಿಗೆ ಕರಿಮದ್ದಿನ ತೋಟಾ ತುಂಬುವಾಗ ಸಿಬ್ಬಂದಿ ವಹಿಸಬೇಕಾದ, ಶಾಖಾಧಿಕಾರಿ ವಹಿಸದ ಎಚ್ಚರಿಕೆಯ ಕುರಿತು.

ಉಲ್ಲೇಖ: 1. ಸದರಿ ಅಧಿಕಾರಿ ಬರೆದ ನಲವತ್ತೆರಡು ಪುಟಗಳ ಸುರಕ್ಷತಾ ಕೈಪಿಡಿ.
2. ಸದರಿ ಅಧಿಕಾರಿಯ ಮನಸ್ಸಾಕ್ಷಿ, ತಡವಾಗಿ ಸ್ವೀಕೃತವಾದದ್ದು.

ಪ್ರಸ್ತಾವನೆ:

ಶಾಖಾಧಿಕಾರಿ ಶ್ರೀ ಶಿವಕುಮಾರಪ್ಪ ಅವರು ಜೀವಮಾನದಲ್ಲಿ ಒಂದು ಗುಂಡನ್ನೂ ಹಾರಿಸಿದವರಲ್ಲ. ಕೈಪಿಡಿ ಬರೆಯಲು ಅದು ಅಡ್ಡಿಯಾಗಲಿಲ್ಲವೆಂದು ದಾಖಲಿಸಲಾಗಿದೆ. ಕಳೆದ ಸೋಮವಾರ ಬೆಳಿಗ್ಗೆ ಮದಕರಿಪುರದ ಶೆಡ್ಡಿನಲ್ಲಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹನ್ನೊಂದು ಸಿಬ್ಬಂದಿಗೆ ತರಬೇತಿ ಏರ್ಪಡಿಸಲಾಗಿತ್ತು. ಕಲಿಸಲು ಬಂದಿದ್ದವರು ಮೂವತ್ತು ವರ್ಷ ಕೋವಿ ರಿಪೇರಿ ಮಾಡಿದ ಫಜಲುಲ್ಲಾ ಸಾಬರು. ಅವರು ಖಾಲಿ ತೋಟಾಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಮದ್ದಿನ ಡಬ್ಬಿ ತೆರೆದರು. ಅಷ್ಟರಲ್ಲಿ ಅಧಿಕಾರಿಗೆ ಪೂಜೆ ಮರೆತದ್ದು ನೆನಪಾಗಿ, ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು ಮೇಜಿನತ್ತ ನಡೆದರು.

“ಸಾಹೇಬ್ರೆ, ಅಲ್ಲೇ ನಿಂತ್ಕಳ್ರಿ! ಮದ್ದು ತೆರದೈತೆ,” ಎಂದು ಫಜಲುಲ್ಲಾ ಸಾಬರು ಡಬ್ಬಿಗೆ ಅಡ್ಡಲಾಗಿ ನಿಂತರು.

“ಕೈಪಿಡಿ ನೋಡ್ರಿ. ಬೀಡಿ, ಸಿಗರೇಟು ನಿಷೇಧ ಅಂತ ಐತೆ. ಕರ್ಪೂರದ್ದು ಎಲ್ಲೈತೆ?” ಎನ್ನುತ್ತ ಅಧಿಕಾರಿ ಮೂರು ಹೆಜ್ಜೆ ಮುಂದೆ ಬಂದರು. ಕಿಟಕಿಯ ಗಾಳಿಗೆ ಉರಿ ಮೇಜಿನ ಕಡೆ ವಾಲಿತು.

ಟೀ ಲೋಟ ತೊಳೆಯಲು ಕೂತಿದ್ದ ಅಟೆಂಡರ್ ನಾಗಕ್ಕ ಯಾರ ಅನುಮತಿಯನ್ನೂ ಕೇಳದೆ ಬಕೆಟ್ ಎತ್ತಿ ಸುರಿದರು. ತಟ್ಟೆ, ಮದ್ದು ಮತ್ತು ಅಧಿಕಾರಿ ಒಟ್ಟಿಗೆ ಒದ್ದೆಯಾದರು. ಹನ್ನೊಂದು ಸಿಬ್ಬಂದಿಯೂ ನಕ್ಕರು.

ಆ ನಗು ಅಧಿಕಾರಿಯ ಕಿವಿಯಲ್ಲಿ ಉಳಿಯಿತು. ಮಧ್ಯಾಹ್ನವೇ ಕಚೇರಿಯಲ್ಲಿ ಕೂತು, ಸರ್ಕಾರಿ ಮದ್ದನ್ನು ತೋಯಿಸಿದ ಆರೋಪದ ಮೇಲೆ ನಾಗಕ್ಕನವರಿಗೆ ನೋಟಿಸು ಬರೆದರು. ನಾಗಕ್ಕನವರ ನಿವೃತ್ತಿಗೆ ಎಂಟೇ ತಿಂಗಳಿತ್ತು.

“ಬರ್ಕಳ್ರಿ ಸಾರ್. ಆದ್ರೆ ಎಂಜಲು ನೀರು ಅಂತ ಬರೀಬ್ಯಾಡ್ರಿ. ಅದು ಚೊಕ್ಕ ನೀರು,” ಎಂದಷ್ಟೇ ಹೇಳಿ ಅವರು ಬಾಗಿಲ ಬಳಿ ನಿಂತರು.

ಸಾಕ್ಷಿ ಸಹಿಗೆಂದು ಕರೆಸಿದ್ದ ಫಜಲುಲ್ಲಾ ಸಾಬರು ಕಾಗದವನ್ನು ಹಿಂದಕ್ಕೆ ತಳ್ಳಿದರು. “ನಾನು ಹಾಕಲ್ಲ ಸಾಹೇಬ್ರೆ. ಈ ಯಮ್ಮ ನೀರು ಹಾಕ್ದೆ ಇದ್ದಿದ್ರೆ ನೋಟಿಸು ಬರಿಯಾಕೆ ನಿಮಗೆ ಕೈಯೇ ಇರ್ತಿರ್ಲಿಲ್ಲ.”

ಅಧಿಕಾರಿ ತಮ್ಮ ಬಲಗೈ ನೋಡಿಕೊಂಡರು. ಐದೂ ಬೆರಳಿದ್ದವು. ಮತ್ತೊಮ್ಮೆ ಎಣಿಸಿ ನೋಡಿದರು. ಭಯವು ಐದು ಗಂಟೆ ತಡವಾಗಿ ಹಾಜರಾದದ್ದನ್ನು ಮನ್ನಿಸಲಾಗಿದೆ. ನೋಟಿಸನ್ನು ನಾಗಕ್ಕನವರ ಎದುರಿಗೇ ಹರಿದು, “ತಪ್ಪಾತು ನಾಗಕ್ಕ,” ಎಂದು ಮೌಖಿಕವಾಗಿ ತಿಳಿಸಲಾಯಿತು. ಆದ್ದರಿಂದ ಈ ಕೆಳಗಿನ ಆದೇಶ.

1. ಮದ್ದು ತೆರೆದಿರುವಲ್ಲಿಗೆ ಬೆಂಕಿ ತರತಕ್ಕದ್ದಲ್ಲ. ಬೆಂಕಿ ಎಂದರೆ ಬೀಡಿ, ಊದುಬತ್ತಿ, ಕರ್ಪೂರ. ಭಕ್ತಿಯಿಂದ ಹಚ್ಚಿದ್ದೂ ಸೇರಿ.

2. ಪೂಜೆಯನ್ನು ಹಿಂದಿನ ದಿನವೇ ಬೇರೆ ಕಟ್ಟಡದಲ್ಲಿ ಮುಗಿಸತಕ್ಕದ್ದು. ಬದಲಾದ ದಿನಾಂಕವನ್ನು ದೇವರಿಗೆ ಪ್ರತ್ಯೇಕವಾಗಿ ನಿವೇದಿಸಿಕೊಳ್ಳಲಾಗುವುದು.

3. ತೋಟಾ ತುಂಬುವವರನ್ನು ಮಾತಾಡಿಸತಕ್ಕದ್ದಲ್ಲ. ಅಧಿಕಾರಿಗಳು ಹೊರಗೆ ನಿಲ್ಲತಕ್ಕದ್ದು. ಹುದ್ದೆ ದೊಡ್ಡದಾದಂತೆ ಇನ್ನೂ ಹತ್ತು ಮಾರು ದೂರ. ಅತಿ ಹಿರಿಯರು ಹಿರಿಯೂರಿನಲ್ಲೇ ಇರಬಹುದು.

4. ನೀರು ಸುರಿಯಲು ಪೂರ್ವಾನುಮತಿ ಬೇಕಿಲ್ಲ. ಘಟನೋತ್ತರ ಅನುಮೋದನೆಯನ್ನು ಬದುಕುಳಿದ ಅಧಿಕಾರಿಗಳಿಂದ ಪಡೆಯಬಹುದು.

5. ಅಧಿಕಾರಿಯ ಮೇಲೆ ನೀರು ಬಿದ್ದಲ್ಲಿ ಎರಡು ನಿಮಿಷ ಮೀರದಂತೆ ನಗಬಹುದು. ಹೊಳಲ್ಕೆರೆಯ ಸಿಬ್ಬಂದಿ ಇನ್ನೂ ನಗುತ್ತಿರುವುದು ಗಮನಕ್ಕೆ ಬಂದಿದೆ.

ಬುಧವಾರ ತರಬೇತಿ ಮತ್ತೆ ನಡೆದು, ಎಲ್ಲ ತೋಟಾಗಳನ್ನೂ ಅಪಾಯವಿಲ್ಲದೆ ತುಂಬಲಾಯಿತು. ನಾಗಕ್ಕನವರು ಬಾಗಿಲಲ್ಲಿ ಮೇಲ್ವಿಚಾರಣೆ ನಡೆಸಿದರು. ಅಧಿಕಾರಿ ದೂರದ ಬೇವಿನ ಮರದಡಿ ನಿಂತು ಪೂರ್ಣ ಸಹಕಾರ ನೀಡಿದರು.

ಸಹಿ/-
ಶಿವಕುಮಾರಪ್ಪ
ಶಾಖಾಧಿಕಾರಿ

ಪ್ರತಿಗಳು:
1. ಶ್ರೀ ಫಜಲುಲ್ಲಾ ಅವರಿಗೆ, ಕೃತಜ್ಞತೆಯೊಂದಿಗೆ. ಸಾಕ್ಷಿ ಸಹಿ ಬೇಕಿಲ್ಲ.
2. ಶ್ರೀಮತಿ ನಾಗಕ್ಕ ಅವರಿಗೆ, ಖುದ್ದಾಗಿ.
3. ಮೂರೂ ತಾಲ್ಲೂಕುಗಳ ಸೂಚನಾ ಫಲಕಕ್ಕೆ, ಎಲ್ಲರಿಗೂ ಕಾಣುವಂತೆ.
4. ಶ್ರೀಮತಿ ಕಮಲಮ್ಮ, ಶಾಖಾಧಿಕಾರಿಯ ಧರ್ಮಪತ್ನಿ, ಇವರಿಗೆ: ಒದ್ದೆ ಅಂಗಿಯ ಸಂಬಂಧ, ಸೋಮವಾರ ಮದಕರಿಪುರದಲ್ಲಿ ಮಳೆ ಬಂದಿರಲಿಲ್ಲವೆಂದು ತಿಳಿಯಪಡಿಸಲು.